ರಗ್ಬಿಯಲ್ಲಿ ಸಿಕ್ಕ ಸಹಶಿಕ್ಷಕ

ನನ್ನ ತಂದೆ ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ‘ಎಎಂ’ (ಅಸಿಸ್ಟೆಂಟ್ ಮಾಸ್ಟರ್, ಅಂದರೆ ಸಹಶಿಕ್ಷಕ) ಆಗಿ ದುಡಿದು, ‘ಎಚ್‌ಎಂ’ (ಹೆಡ್ ಮಾಸ್ಟರ್, ಅಂದರೆ ಮುಖ್ಯೋಪಾಧ್ಯಾಯ) ಆಗದೆಯೇ ನಿವೃತ್ತರಾದವರು. ಈ ಎರಡು ಪದವಿಗಳ ನಡುವಿನ ಅಂತರ ಎಷ್ಟೆಂಬುದನ್ನು ಮೇಷ್ಟರ ಮನೆಯಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. ಶಾಲೆಯ ಕಚೇರಿಯ ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿರುವ ಹೆಸರುಗಳ ಸಾಲಿನಲ್ಲಿ ಎಚ್‌ಎಂಗಳು ಮಾತ್ರ ಇರುತ್ತಾರೆ; ಎಎಂಗಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದು, ಆ ಪುಸ್ತಕಗಳೊಂದಿಗೇ ಗೆದ್ದಲಿಗೆ ಹೋಗುತ್ತದೆ. ಕಳೆದ ಅಕ್ಟೋಬರ್ ತಿಂಗಳ ಒಂದು ಶನಿವಾರ ನಾನು ಇಂಗ್ಲೆಂಡಿನ ರಗ್ಬಿ ಶಾಲೆಯನ್ನು ನೋಡಲು ಹೊರಟಾಗ ನನ್ನ ತಲೆಯಲ್ಲಿ ಇದ್ದದ್ದೂ ಒಬ್ಬ ಎಚ್‌ಎಂ ಮಾತ್ರ, ಥಾಮಸ್ ಆರ್ನಲ್ಡ್.

ನಾನು ವಾಸವಾಗಿರುವ ಕಾವೆಂಟ್ರಿಯಿಂದ ರಗ್ಬಿಗೆ ರೈಲಿನಲ್ಲಿ ಹತ್ತು ನಿಮಿಷದ ಹಾದಿ. ಹೀಗೆ ಕೈಗೆಟಕುವಂತಿದ್ದ ಜಾಗಕ್ಕೆ ಆರು ವರ್ಷ ಹೋಗದೇ ಇದ್ದೆ ಎಂಬುದಕ್ಕೆ ಸೋಮಾರಿತನದ ಹೊರತು ಬೇರೆ ಕಾರಣವಿಲ್ಲ. ಮುಂಗಡವಾಗಿ ಬರೆದು ಅನುಮತಿ ಪಡೆದಿದ್ದ ನಮ್ಮ ಎಂಟು ಜನರ ಗುಂಪಿಗೆ ಶಾಲೆಯನ್ನು ತೋರಿಸಲು ಬಂದವರು ವಯಸ್ಸಾದ ಒಬ್ಬ ಮಹನೀಯರು. ಬಂದವರಲ್ಲಿ ಹೆಚ್ಚಿನವರಿಗೆ ಬೇಕಿದ್ದದ್ದು ರಗ್ಬಿ ಆಟದ ಹುಟ್ಟಿಗೆ ಕಾರಣವೆನ್ನುವ, ಚೆಂಡನ್ನು ಕೈಯಲ್ಲಿ ಹಿಡಿದು ಓಡಿದನೆಂಬ ವೆಬ್ ಎಲ್ಲಿಸ್‌ನ ಕತೆ. 1823ರಲ್ಲಿ ನಡೆಯಿತೆನ್ನುವ ಆ ಘಟನೆ ಮೊದಲು ಅಚ್ಚಾದದ್ದು 1876ರಲ್ಲಿ, ಎಲ್ಲಿಸ್ ತೀರಿಕೊಂಡ ಮೇಲೆ, ಎಂಬುದನ್ನು ಅವರು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು.

ಆಟದ ಮೈದಾನದ ಅಂಚಿನಲ್ಲಿ ಮರಗಳು ಬೆಳೆದ ಒಂದು ದಿಬ್ಬವಿದೆ. ಹಿಂದೆ ಅದರ ಸುತ್ತ ನೀರಿನ ಕಂದಕವಿದ್ದುದರಿಂದ ಅದನ್ನು ಇಂದಿಗೂ ‘ದ್ವೀಪ’ ಎಂದೇ ಕರೆಯುತ್ತಾರೆ. 1797ರಲ್ಲಿ ಹೆನ್ರಿ ಇಂಗಲ್ಸ್ ಎಂಬ ಮುಖ್ಯೋಪಾಧ್ಯಾಯರ ಕಾಲದಲ್ಲಿ ಹುಡುಗನೊಬ್ಬ ಪಿಸ್ತೂಲು ಹಾರಿಸಿ ಸಿಕ್ಕಿಬಿದ್ದು, ಮದ್ದಿನ ಪುಡಿಯನ್ನು ಊರಿನ ಅಂಗಡಿಯಲ್ಲಿ ಕೊಂಡೆನೆಂದು ಒಪ್ಪಿಕೊಂಡ. ಅಂಗಡಿಯವನು ಅದನ್ನು ಲೆಕ್ಕದ ಪುಸ್ತಕದಲ್ಲಿ ಚಹಾ ಎಂದು ಬರೆದುಕೊಂಡಿದ್ದನಾದ್ದರಿಂದ ನಿಜ ಹೇಳಿದ ಹುಡುಗನಿಗೇ ಸುಳ್ಳುಗಾರನೆಂದು ಏಟು ಬಿತ್ತು. ಹುಡುಗರು ಅಂಗಡಿಯ ಕಿಟಕಿಗಳನ್ನು ಒಡೆದರು. ದಂಡ ಕಟ್ಟಬೇಕೆಂದಾಗ ಮುಖ್ಯೋಪಾಧ್ಯಾಯರ ಕೋಣೆಯ ಬಾಗಿಲನ್ನೇ ಮದ್ದಿಟ್ಟು ಹಾರಿಸಿ, ಮೇಜು ಬೆಂಚುಗಳನ್ನು ಮೈದಾನದಲ್ಲಿ ಸುಟ್ಟು, ಕೊನೆಗೆ ಈ ದಿಬ್ಬದ ಮೇಲೆ ಠಿಕಾಣಿ ಹೂಡಿದರು. ಅವರನ್ನು ಕೆಳಗಿಳಿಸಲು ಸೈನಿಕರು ಬರಬೇಕಾಯಿತು. ಈ ಹಿನ್ನೆಲೆ ಇಲ್ಲದೆ ಆರ್ನಲ್ಡ್ ಮಾಡಿದ್ದೇನೆಂಬುದು ಅರ್ಥವಾಗುವುದಿಲ್ಲ. ಆ ಕಾಲದ ಇಂಗ್ಲಿಷ್ ವಸತಿ ಶಾಲೆಯಲ್ಲಿ ಮೇಷ್ಟರು ಒಂದು ಪಾಳೆಯ, ಹುಡುಗರು ಇನ್ನೊಂದು ಪಾಳೆಯ.

ಆರ್ನಲ್ಡ್ ಬಂದದ್ದು 1828ರಲ್ಲಿ. ಶಾಲೆಯಲ್ಲಿ ಮುನ್ನೂರೋ ನೂರೋ ಐವತ್ತೋ ಹುಡುಗರಿರಲೇಬೇಕೆಂದಿಲ್ಲ, ಅದು ಕ್ರೈಸ್ತ ಸಜ್ಜನರ ಶಾಲೆಯಾಗಿರಬೇಕು ಎಂಬ ಅವರ ಮಾತು ಪ್ರಸಿದ್ಧ. ಹಿರಿಯ ತರಗತಿಯ ಹುಡುಗರನ್ನು ನಂಬಿ ಅವರ ಕೈಗೇ ಶಿಸ್ತಿನ ಹೊಣೆ ಕೊಟ್ಟದ್ದು, ಭಾನುವಾರದ ಪ್ರವಚನಗಳು, ಇವನ್ನೆಲ್ಲ ನಾನು ಮೊದಲೇ ಓದಿದ್ದೆ. ಆದರೆ ಪ್ರಾರ್ಥನಾ ಮಂದಿರದ ಹೊರಗೆ ನಿಂತು ನಮ್ಮ ಮಾರ್ಗದರ್ಶಕರು ವಿವರಿಸಿದ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಮೂರು ವಾರಕ್ಕೊಮ್ಮೆ ಆರ್ನಲ್ಡ್ ಎಲ್ಲ ಸಹಶಿಕ್ಷಕರ ಸಭೆ ಕರೆಯುತ್ತಿದ್ದರು, ಅಲ್ಲಿ ಯಾರು ಬೇಕಾದರೂ ಅಭಿಪ್ರಾಯ ಹೇಳಬಹುದಿತ್ತು, ಹೊಸ ಸಲಹೆಯನ್ನು ಮುಂದಿಡಬಹುದಿತ್ತು. ಅಲ್ಲಿಯವರೆಗೆ ಸಂಬಳ ಸಾಲದೆ ಹತ್ತಿರದ ಚರ್ಚುಗಳಲ್ಲಿಯೂ ಕೆಲಸ ಮಾಡುತ್ತಿದ್ದ ಮೇಷ್ಟರ ಆದಾಯವನ್ನು ಹೆಚ್ಚಿಸಿ, ಊರಿನ ಹೆಂಗಸರು ನಡೆಸುತ್ತಿದ್ದ ವಸತಿಗೃಹಗಳನ್ನು ಮೇಷ್ಟರಿಗೇ ವಹಿಸಿದರು. ತಂದೆಯವರ ಶಾಲೆಯೊಂದರಲ್ಲಿ ಸಿಬ್ಬಂದಿ ಸಭೆಯೆಂದರೆ ಎಚ್‌ಎಂ ಮಾತಾಡುವುದು, ಉಳಿದವರು ನಡಾವಳಿ ಪುಸ್ತಕಕ್ಕೆ ಸಹಿ ಹಾಕಿ ಚಹಾ ಕುಡಿಯುವುದು ಎಂದಾಗಿತ್ತು. ಒಮ್ಮೆ ಸಭೆ ನಡೆಯುವ ಮುಂಚೆಯೇ ನಡಾವಳಿ ಸಿದ್ಧವಾಗಿತ್ತೆಂದು ಅವರು ನಗುತ್ತ ಹೇಳಿದ್ದು ನೆನಪಾಯಿತು.

ಆರ್ನಲ್ಡ್‌ರನ್ನು ದೇವರ ಪಟ್ಟಕ್ಕೇರಿಸುವ ಬರಹಗಳು ಬೇಕಾದಷ್ಟಿವೆ. ಪಾಠ ಓದಿಲ್ಲವೆಂದು, ಸುಳ್ಳು ಹೇಳುತ್ತಿದ್ದಾನೆಂದು ಸಿಟ್ಟಿನಲ್ಲಿ ಹುಡುಗನೊಬ್ಬನಿಗೆ ಅವರು ಕ್ರೂರವಾಗಿ ಹೊಡೆದು, ತಪ್ಪು ತಮ್ಮದೆಂದು ತಿಳಿದ ಬಳಿಕ ಕ್ಷಮೆ ಕೇಳಿದರು ಎಂಬುದೂ ದಾಖಲಾದ ಸಂಗತಿಯೇ. ನನಗೆ ಆ ಕ್ಷಮೆ ಪ್ರವಚನಗಳಿಗಿಂತ ದೊಡ್ಡದಾಗಿ ಕಾಣುತ್ತದೆ, ಹಾಗೆಂದು ಏಟು ಚಿಕ್ಕದಾಗುವುದಿಲ್ಲ. 1842ರ ಜೂನ್ 12ರಂದು, ನಲವತ್ತೇಳನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಮೊದಲು, ಹೃದಯಬೇನೆಯಿಂದ ತೀರಿಕೊಂಡ ಅವರನ್ನು ಶಾಲೆಯ ಪ್ರಾರ್ಥನಾ ಮಂದಿರದಲ್ಲೇ ಮಣ್ಣು ಮಾಡಲಾಯಿತು. ಈಗ ಕಾಣುವ ಬಣ್ಣಬಣ್ಣದ ಇಟ್ಟಿಗೆ ಪಟ್ಟಿಗಳ ಕಟ್ಟಡ ವಿಲಿಯಂ ಬಟರ್‌ಫೀಲ್ಡ್ ವಿನ್ಯಾಸ ಮಾಡಿ 1872ರಲ್ಲಿ ಮುಗಿದದ್ದು. ಅದರೊಳಗೆ ನಾವು ಮಾತಿಲ್ಲದೆ ಐದು ನಿಮಿಷ ನಿಂತೆವು.

ಹೊರಬಂದು ಬೀದಿಯಲ್ಲಿ ನಡೆಯುವಾಗ ವಸತಿಗೃಹಗಳ ಹೆಸರುಗಳನ್ನು ಮಾರ್ಗದರ್ಶಕರು ಒಂದೊಂದಾಗಿ ಹೇಳುತ್ತ ಹೋದರು. ಬ್ರಾಡ್ಲಿ, ವೈಟ್‌ಲಾ, ಕಾಟನ್. ಇವರೆಲ್ಲ ಮುಖ್ಯೋಪಾಧ್ಯಾಯರೇ ಎಂದು ಕೇಳಿದೆ. ಅಲ್ಲ, ಇಲ್ಲಿಯ ಸಹಶಿಕ್ಷಕರು ಎಂದರು. ಕಾಟನ್ ಎಂಬವರು ಮುಂದೆ ನಿಮ್ಮ ದೇಶಕ್ಕೆ ಬಿಷಪ್ ಆಗಿ ಹೋದರು ಎಂದು ಸೇರಿಸಿದರು. ನಾನು ರಸ್ತೆಯ ಮಧ್ಯದಲ್ಲೇ ನಿಂತುಬಿಟ್ಟೆ.

ಬೆಂಗಳೂರಿನಲ್ಲಿ ಕಾಲೇಜು ಓದುವಾಗ ರೆಸಿಡೆನ್ಸಿ ರಸ್ತೆಯ ಬಿಷಪ್ ಕಾಟನ್ ಶಾಲೆಯ ಮುಂದೆ ಬಸ್ಸಿನಲ್ಲಿ ಅದೆಷ್ಟು ಸಲ ಹಾದುಹೋಗಿದ್ದೇನೋ. ಅರಳೆಪೇಟೆಯೂ ಕಾಟನ್‌ಪೇಟೆಯೂ ಅಕ್ಕಪಕ್ಕದಲ್ಲಿರುವ ಊರಿನಲ್ಲಿ ಆ ಹೆಸರಿಗೂ ಹತ್ತಿಗೂ ಏನೋ ನಂಟಿರಬೇಕೆಂದು ತಿಳಿದಿದ್ದೆನೇ ಹೊರತು, ಅದು ಮನುಷ್ಯನ ಹೆಸರೆಂದು ಬಹುಕಾಲ ನನಗೆ ಹೊಳೆದಿರಲಿಲ್ಲ. ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ 1837ರಲ್ಲಿ ರಗ್ಬಿಗೆ ಬಂದು ಆರ್ನಲ್ಡ್‌ರ ಕೈಕೆಳಗೆ ದುಡಿದರು. ರಗ್ಬಿಯ ಹಳೆಯ ವಿದ್ಯಾರ್ಥಿ ಥಾಮಸ್ ಹ್ಯೂಸ್ 1857ರಲ್ಲಿ ಬರೆದ ಪ್ರಸಿದ್ಧ ಶಾಲಾ ಕಾದಂಬರಿಯಲ್ಲಿ ಹೆಸರಿಲ್ಲದೆ ಬರುವ ‘ಯುವ ಮೇಷ್ಟರು’ ಇವರೇ. ಎಎಂಗೆ ಕಾದಂಬರಿಯಲ್ಲೂ ಹೆಸರಿಲ್ಲ!

ಕಾಟನ್ ಎಚ್‌ಎಂ ಆದದ್ದು 1852ರಲ್ಲಿ, ಇಂಗ್ಲೆಂಡಿನದೇ ಇನ್ನೊಂದು ವಸತಿ ಶಾಲೆಯಾದ ಮಾರ್ಲ್‌ಬರೋದಲ್ಲಿ. ಅದು ಬಡ್ತಿಯೋ ಶಿಕ್ಷೆಯೋ ಎಂದು ಯಾರಾದರೂ ಅನುಮಾನಿಸಬೇಕು. ಹಿಂದಿನ ವರ್ಷವಷ್ಟೇ ಅಲ್ಲಿಯ ಹುಡುಗರು ದಂಗೆ ಎದ್ದು ಮೊದಲ ಮುಖ್ಯೋಪಾಧ್ಯಾಯರು ಬಿಟ್ಟುಹೋಗಿದ್ದರು, ಬೊಕ್ಕಸವೂ ಬರಿದಾಗಿತ್ತು. ಮೇಷ್ಟರ ಕಾವಲಿಲ್ಲದೆ ಹುಡುಗರನ್ನು ಹೊರಗೆ ಬಿಡಬಾರದೆಂಬ ಆಡಳಿತ ಮಂಡಳಿಯ ಅಪೇಕ್ಷೆಗೆ ಒಪ್ಪದ ಕಾಟನ್, ಹಿರಿಯ ಹುಡುಗರ ಮೂಲಕ ಶಾಲೆ ತನ್ನನ್ನು ತಾನೇ ಆಳಿಕೊಳ್ಳಬೇಕೆಂಬ ಆರ್ನಲ್ಡ್‌ರ ದಾರಿಯನ್ನೇ ಹಿಡಿದರು. ಅದರ ಜೊತೆಗೆ ಆರ್ನಲ್ಡ್ ಅಷ್ಟಾಗಿ ತಲೆಕೆಡಿಸಿಕೊಳ್ಳದ ಆಟಗಳನ್ನು ಕ್ರಮಬದ್ಧಗೊಳಿಸಿದರು. ಸುತ್ತಲಿನ ಹೊಲ ಕಾಡುಗಳಲ್ಲಿ ಅಲೆದು ರೈತರೊಂದಿಗೆ ಜಗಳ ತರುತ್ತಿದ್ದ ಹುಡುಗರನ್ನು ಮೈದಾನದಲ್ಲಿ ಹಿಡಿದಿಡುವ ಉಪಾಯವದು. 1858ರಲ್ಲಿ ಕಲ್ಕತ್ತೆಯ ಬಿಷಪ್ ಆದರು. ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮಕ್ಕಳಿಗಾಗಿ ಅವರು ಕೈಗೊಂಡ ಕೆಲಸದ ಫಲವಾಗಿ 1859ರಲ್ಲಿ ಶಿಮ್ಲಾದ ಶಾಲೆ ಹುಟ್ಟಿತು, 1865ರಲ್ಲಿ ಅವರ ಹೆಸರಿನಲ್ಲಿ ಬೆಂಗಳೂರಿನದು. ಮರುವರ್ಷ ಅಕ್ಟೋಬರ್ 6ರಂದು ಬಂಗಾಳದ ಕುಷ್ಠಿಯಾದಲ್ಲಿ ದೋಣಿಗೆ ಹತ್ತುವಾಗ ಕಾಲು ಜಾರಿ ಗೋರಾಯಿ ನದಿಗೆ ಬಿದ್ದರು. ದೇಹ ಸಿಗಲಿಲ್ಲ. ಬೆಂಗಳೂರಿನ ಆ ಶಾಲೆಯನ್ನು 1871ರಿಂದ ನಡೆಸಿದವರು ಮುಂದೆ ತಿರುಕ್ಕುರಳನ್ನು ಇಂಗ್ಲಿಷಿಗೆ ತಂದ ಜಿ.ಯು. ಪೋಪ್, ಅಲ್ಲಿ ಓದಿದವರಲ್ಲಿ ಕೊಡಗಿನ ಜನರಲ್ ತಿಮ್ಮಯ್ಯನವರೂ ಒಬ್ಬರು.

ರೈಲಿಗೆ ಇನ್ನೂ ನಲವತ್ತು ನಿಮಿಷ ಇತ್ತು. ನಿಲ್ದಾಣದ ಬೆಂಚಿನ ಮೇಲೆ ಕುಳಿತು ರಗ್ಬಿಯ ಉಳಿದ ದೊಡ್ಡವರನ್ನು ಲೆಕ್ಕ ಹಾಕಿದೆ. ಆರ್ನಲ್ಡ್‌ರ ನಂತರ ಬಂದ ಟೇಟ್, 1858ರಿಂದ 1869ರವರೆಗೆ ಇದ್ದು ವಿಜ್ಞಾನದ ಪಾಠಕ್ಕೆ ಬೆಂಬಲವಾದ ಫ್ರೆಡರಿಕ್ ಟೆಂಪಲ್ (ಮೃಗವೇ, ಆದರೆ ನ್ಯಾಯವಂತ ಮೃಗ ಎಂದು ಹುಡುಗನೊಬ್ಬ ವರ್ಣಿಸಿದನೆಂದು ಪ್ರತೀತಿ ಇರುವುದು ಇವರ ಬಗ್ಗೆಯೇ), ಇಬ್ಬರೂ ಇಂಗ್ಲೆಂಡಿನ ಚರ್ಚಿನ ಅತ್ಯುನ್ನತ ಪೀಠವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆದರು. ಅವರಿಬ್ಬರ ನಡುವೆ ಅದೇ ಪೀಠದಲ್ಲಿದ್ದ ಬೆನ್ಸನ್ ಕೂಡ ರಗ್ಬಿಯ ಮೇಷ್ಟರೇ, ಆದರೆ ಅಲ್ಲಿ ಅವರು ಬರೀ ಸಹಶಿಕ್ಷಕ. ಟೆಂಪಲ್‌ರ ನಂತರ ಬಂದ ಹೇಮನ್ ಸಹಶಿಕ್ಷಕರೊಂದಿಗೆ ಹೊಂದಿಕೊಳ್ಳಲಾಗದೆ ಕೆಲವೇ ವರ್ಷಗಳಲ್ಲಿ ಹುದ್ದೆ ಕಳೆದುಕೊಂಡರು.

ರಾತ್ರಿ ಬಹಳವಾಗಿದ್ದರೂ ತಿಪಟೂರಿಗೆ ಫೋನು ಮಾಡಿದೆ. ಎಂಬತ್ತರ ಹತ್ತಿರವಿರುವ ತಂದೆಗೆ ಕಿವಿ ಸ್ವಲ್ಪ ಮಂದ, ಆದ್ದರಿಂದ ಕಾಟನ್‌ರ ಕತೆಯನ್ನು ಎರಡೆರಡು ಸಲ ಹೇಳಬೇಕಾಯಿತು. ಎಲ್ಲ ಕೇಳಿಸಿಕೊಂಡು, ‘ಆ ಎರಡನೇ ಶಾಲೆಯಲ್ಲಿ ದುಡ್ಡಿರಲಿಲ್ಲ ಅಂದೆಯಲ್ಲ, ಹಾಗಾದರೆ ಅಲ್ಲಿ ಪಾಠ ಮಾಡೋಕೆ ಯಾರು ಬಂದರು?’ ಎಂದರು. ಕಾಟನ್ ಮೇಲೆ ಪ್ರೀತಿಯಿದ್ದ ರಗ್ಬಿಯ ಕಡೆಯ ಯುವಕರು ಕಡಿಮೆ ಸಂಬಳಕ್ಕೆ ಒಪ್ಪಿ ಬಂದರಂತೆ ಎಂದೆ. ‘ಅವರ ಹೆಸರು ಬರೆದುಕೊಂಡೆಯಾ?’ ಎಂದು ಕೇಳಿದರು.