"ಬರೀ ಕಾಗುಣಿತ ನೋಡಿಕೊಡೋಕೆ ಪುಟಕ್ಕೆ ಎಷ್ಟು?"

ಹಸ್ತಪ್ರತಿ ತಿದ್ದಿಕೊಡುವುದು ನನ್ನ ಕೆಲಸ. ಸಾಗರದಿಂದ ಫೋನ್ ಬರಲಿ, ತೀರ್ಥಹಳ್ಳಿಯಿಂದ ಬರಲಿ, ಪ್ರಶ್ನೆ ಇದೇ. ದೇವಸ್ಥಾನದ ಸ್ಮರಣ ಸಂಚಿಕೆಯವರೂ ಕೇಳುತ್ತಾರೆ, ಕಾದಂಬರಿ ಬರೆದವರೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಬರೆದಿಡುತ್ತೇನೆ.

ಪುಟದ ಲೆಕ್ಕ ನಾನು ಒಪ್ಪುವುದಿಲ್ಲ. ಅಕ್ಷರದ ಗಾತ್ರ 16ರಿಂದ 12ಕ್ಕೆ ಇಳಿಸಿದರೆ ಪುಟ ಕಡಿಮೆಯಾಗುತ್ತದೆ, ಕೆಲಸ ಕಡಿಮೆಯಾಗುವುದಿಲ್ಲ. ಪದದ ಲೆಕ್ಕ ವಾಸಿ. ಹಾಗಂತ ಇಂಗ್ಲಿಷ್ ಪುಸ್ತಕದ ದರವನ್ನು ತಂದು ಕನ್ನಡಕ್ಕೆ ಹಾಕಬೇಡಿ. 'ಹೋಗಬೇಕಾಗಿದ್ದರೂ' ನಮ್ಮಲ್ಲಿ ಒಂದೇ ಪದ, ಇಂಗ್ಲಿಷಿನಲ್ಲಿ ಅಷ್ಟು ಹೇಳಲು ನಾಲ್ಕೈದು ಬೇಕು.

ನನ್ನ ಲೆಕ್ಕ ಗಂಟೆಯದು. 40,000 ಪದದ ಹಸ್ತಪ್ರತಿ ಅಂದುಕೊಳ್ಳಿ. ಮೊದಲ ಓದಿಗೆ ಗಂಟೆಗೆ 800 ಪದದಂತೆ 50 ಗಂಟೆ. ಎರಡನೆಯ ಓದಿಗೆ ಗಂಟೆಗೆ 2,000ದಂತೆ 20. ಲೇಖಕರೊಡನೆ ಕೂತು ಅನುಮಾನ ಬಗೆಹರಿಸಲು 5. ಒಟ್ಟು 75. ಅದನ್ನು ಗಂಟೆಯ ಕೂಲಿಯಿಂದ ಗುಣಿಸಿ, ಅರ್ಧ ಮುಂಗಡ. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರು ಮೊದಲು 1,000 ಪದ ತಿದ್ದಿ ಗಡಿಯಾರ ನೋಡಿಕೊಳ್ಳಿ, ದರ ಹೇಳುವುದು ಆಮೇಲೆ.

ಇನ್ನು ಆ 'ಬರೀ'. 'ಆರ್ಶೀವಾದ'ವನ್ನು 'ಆಶೀರ್ವಾದ' ಮಾಡುವುದು, 'ಮರಗಳು ಬಿದ್ದಿದೆ' ಅಂತಿದ್ದರೆ 'ಬಿದ್ದಿವೆ' ಮಾಡುವುದು ಹಗುರದ ಕೆಲಸ. 'ಅಧ್ಯಕ್ಷರಿಂದ ಉದ್ಘಾಟಿಸಲ್ಪಟ್ಟಿತು' ಎಂಬುದನ್ನು 'ಅಧ್ಯಕ್ಷರು ಉದ್ಘಾಟಿಸಿದರು' ಮಾಡುವುದಕ್ಕೂ ಹೊತ್ತು ಬೇಡ. ಹೊತ್ತು ತಿನ್ನುವುದು ಕಾಗುಣಿತ ಸರಿಯಿದ್ದೂ ತಪ್ಪಾಗಿರುವ ಸಾಲು. 'ಜೋಗ 830 ಮೀಟರ್ ಎತ್ತರದಿಂದ ಧುಮುಕುತ್ತದೆ.' ಒಂದಕ್ಷರವೂ ತಪ್ಪಿಲ್ಲ. ಆದರೆ 830 ಅಡಿಯ ಲೆಕ್ಕ, ಮೀಟರಿನಲ್ಲಿ 253. ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಅಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಆ 100ರಲ್ಲಿ ಒಂದು ಸೊನ್ನೆ ಬಿದ್ದುಹೋದರೆ, ಪುಸ್ತಕ ನಂಬಿ ಸಿಂಪಡಿಸಿದವರ ತೋಟ ಏನಾಗಬೇಕು?

'ನೀವು ಏನನ್ನು ಮುಟ್ಟುವುದಿಲ್ಲ?' ಇದನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದ್ದು ಇದನ್ನೇ. ಅಡಿಕೆ ಮಂಡಿಯ ಕಥೆಯಲ್ಲಿ 'ಸರಕು' ಅಂದರೆ ಅಂಗಡಿ ಸಾಮಾನಲ್ಲ. ರಾಶಿ, ಬೆಟ್ಟೆ, ಗೊರಬಲು ಇದ್ದ ಹಾಗೆ ಅಡಿಕೆಯ ಒಂದು ಬಗೆ. ತಿಳಿಯದವರು ಅದನ್ನು 'ಸಾಮಗ್ರಿ' ಎಂದು ತಿದ್ದಿದರೆ ಕಥೆ ಅಲ್ಲಿಗೇ ಕೆಟ್ಟಿತು. ಅಜ್ಜಿಯ ಹವ್ಯಕ ಮಾತನ್ನು ಶಿಷ್ಟ ಕನ್ನಡಕ್ಕೆ ತರುವುದೂ ಹಾಗೆಯೇ. ಅದೇ ಅಜ್ಜಿಯ ಮಾತಿನ ಧಾಟಿ ಹತ್ತು ಪುಟ ಬಿಟ್ಟು ಬೇರೆಯಾದರೆ ಮಾತ್ರ ಅಂಚಿನಲ್ಲಿ ಪ್ರಶ್ನೆ ಹಾಕುತ್ತೇನೆ, ತೀರ್ಮಾನ ಲೇಖಕರದು. 'ಅಡಿಕೆ', 'ಅಡಕೆ' ಎರಡೂ ಸರಿ. ಯಾವುದು ಬೇಕೆಂದು ಮೊದಲೇ ಕೇಳಿ ಪಟ್ಟಿಯಲ್ಲಿ ಬರೆದುಕೊಂಡರೆ ಪುಸ್ತಕದ ಉದ್ದಕ್ಕೂ ಒಂದೇ ಇರುತ್ತದೆ.

ಯೂನಿಕೋಡಿನಲ್ಲಿ ತಿದ್ದಿದ ಪ್ರತಿಯನ್ನು ಪ್ರೆಸ್ಸಿನವರು 'ನುಡಿ' ತಂತ್ರಾಂಶದ ಹಳೆಯ ಫಾಂಟಿಗೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದುಂಟು. ಆದ್ದರಿಂದ ಕೊನೆಯ ಓದು ಪುಟ ಕಟ್ಟಿದ ಪಿಡಿಎಫ್ ಮೇಲೆಯೇ ಆಗಬೇಕು. ಅದರ ಗಂಟೆ ಬೇರೆ, ಮೇಲಿನ 75ರಲ್ಲಿ ಸೇರಿಲ್ಲ.

ಇಷ್ಟಾದ ಮೇಲೂ ದರ ಬೇಕಿದ್ದರೆ ಹತ್ತು ಪುಟ ಕಳಿಸಿ. ಮೊದಲ ಹತ್ತು ಬೇಡ, ಅವನ್ನು ನೀವೇ ಇಪ್ಪತ್ತು ಸಲ ತಿದ್ದಿರುತ್ತೀರಿ. ನಡುವಿನ ಹತ್ತು ಕಳಿಸಿ.