"ದೇಶಕ್ಕೇನು ಲಾಭ?" ಎಂದು ಕೇಳುವವರಿಗೆ

ನಾನು ಬೆಳ್ತಂಗಡಿ ಕಡೆಯವಳು, ಒಮಾನ್ ದೇಶದ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸ್. ರಜೆಗೆ ಊರಿಗೆ ಬಂದಾಗಲೆಲ್ಲ ಎದುರಾಗುವುದು ಒಂದೇ ಪ್ರಶ್ನೆ: "ನಮ್ಮ ದೇಶದ ಖರ್ಚಿನಲ್ಲಿ ಓದಿ ಪರದೇಶದವರ ಸೇವೆ ಮಾಡುತ್ತೀಯಲ್ಲ, ಇದರಿಂದ ದೇಶಕ್ಕೇನು ಲಾಭ?" ಬಾಯಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಕೇಳುವವರು ಇದನ್ನು ಓದಲಿ.

ನನ್ನ ಓದಿಗೆ ದೇಶ ಖರ್ಚು ಮಾಡಲಿಲ್ಲ. ಖಾಸಗಿ ಕಾಲೇಜಿನ ಶುಲ್ಕಕ್ಕಾಗಿ ಅಪ್ಪ ಅಡಿಕೆ ತೋಟದ ಮೇಲೆ ಸಹಕಾರಿ ಸಂಘದಲ್ಲಿ ಸಾಲ ತೆಗೆದರು, ಅಮ್ಮನ ಬಳೆಗಳು ಅಡವಿಗೆ ಹೋದವು. ನನ್ನ ತರಗತಿಯ ಬಹುತೇಕರ ಮನೆಯ ಕಥೆಯೂ ಇದೇ ಆಗಿತ್ತು.

ಕಳೆದ ರಜೆಯಲ್ಲಿ ಸಂಬಂಧಿಕರೊಬ್ಬರ ಗೃಹಪ್ರವೇಶದ ಊಟಕ್ಕೆ ಕುಳಿತಿದ್ದಾಗ, ದೂರದ ಸಂಬಂಧದಲ್ಲಿ ಮಾವನಾಗಬೇಕಾದ ನಿವೃತ್ತ ಮಾಸ್ತರರೊಬ್ಬರು ಇಡೀ ಪಂಕ್ತಿಗೆ ಕೇಳುವಂತೆ, "ಅಲ್ಲ ಮಗಾ, ನಿನ್ನಂಥವರೆಲ್ಲ ಹೋದರೆ ಇಲ್ಲಿಯ ರೋಗಿಗಳ ಗತಿಯೇನು?" ಎಂದರು. ನಾನು ಹೇಳಿದೆ: "ಮಾವ, ನಾನು ಇಲ್ಲಿದ್ದಾಗ ರಾತ್ರಿ ಪಾಳಿಯಲ್ಲಿ ಇಡೀ ಜನರಲ್ ವಾರ್ಡಿಗೆ ಇದ್ದದ್ದು ನಾನು ಮತ್ತು ಇನ್ನೂ ಓದುತ್ತಿದ್ದ ಒಬ್ಬ ಹುಡುಗಿ. ಒಬ್ಬರ ಡ್ರಿಪ್ ಬದಲಿಸುವಷ್ಟರಲ್ಲಿ ಇನ್ನೊಬ್ಬರ ಬಿ.ಪಿ. ನೋಡುವ ಹೊತ್ತು ಮೀರಿರುತ್ತಿತ್ತು. ಆ ಗತಿ ನಾನು ಹೋದದ್ದರಿಂದ ಬಂದದ್ದಲ್ಲ, ಅದನ್ನು ನೋಡಿಯೇ ನಾನು ಹೋದದ್ದು." ಅಷ್ಟರಲ್ಲಿ ಸಾರು ಬಡಿಸುವವರು ಬಂದರು, ಮಾತು ಅಡಿಕೆ ಧಾರಣೆಯ ಕಡೆಗೆ ತಿರುಗಿತು.

ಅಂದು ಹೇಳಲಾಗದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. 2016ರಲ್ಲಿ ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ, ಖಾಸಗಿ ಆಸ್ಪತ್ರೆಗಳ ನರ್ಸುಗಳ ಸಂಬಳ ಎಷ್ಟಿರಬೇಕೆಂದು ಶಿಫಾರಸು ಮಾಡಿತು: 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರಿ ನರ್ಸಿನಷ್ಟೇ, 50ಕ್ಕಿಂತ ಕಡಿಮೆ ಹಾಸಿಗೆಗಳ ಆಸ್ಪತ್ರೆಯಲ್ಲೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆಯಿಲ್ಲದಂತೆ. ನನ್ನೊಂದಿಗೆ ಓದಿ ಊರಿನಲ್ಲೇ ಉಳಿದವರಲ್ಲಿ ಈ ಲೆಕ್ಕದಂತೆ ಸಂಬಳ ಪಡೆದವರನ್ನು ನಾನು ಕಂಡಿಲ್ಲ. ಆ ಶಿಫಾರಸು ಕಾಗದದಿಂದ ಸಂಬಳದ ಚೀಟಿಗೆ ಇಳಿದಿದ್ದರೆ ನಮ್ಮಲ್ಲಿ ಅರ್ಧದಷ್ಟು ಜನ ಪಾಸ್‌ಪೋರ್ಟ್ ಮಾಡಿಸುತ್ತಲೇ ಇರಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಲಾಭದ ಲೆಕ್ಕವನ್ನೇ ಕೇಳುವವರಿಗೆ ಅದೂ ಇದೆ. ರಿಸರ್ವ್ ಬ್ಯಾಂಕಿನ ಪ್ರಕಾರ 2023-24ರಲ್ಲಿ ಹೊರದೇಶಗಳಲ್ಲಿರುವ ನಮ್ಮವರು ಭಾರತಕ್ಕೆ ಕಳುಹಿಸಿದ ಹಣ 118.7 ಶತಕೋಟಿ ಡಾಲರ್. ಹಾಗೆ ನಾನು ಕಳುಹಿಸಿದ ಹಣದಿಂದಲೇ ನನ್ನ ಮನೆಯ ಸಾಲ ತೀರಿತು, ತಮ್ಮನ ಓದು ಮುಗಿಯಿತು. ಆದರೆ ನಷ್ಟವಿಲ್ಲವೆಂದು ನಾನು ವಾದಿಸುವುದಿಲ್ಲ. ಕೊಲ್ಲಿಯವರು ಅನುಭವವಿದ್ದವರನ್ನೇ ಕೇಳುವುದರಿಂದ, ಇಲ್ಲಿ ಕೈ ಪಳಗುವ ಹೊತ್ತಿಗೆ ಹುಡುಗಿಯರು ಹೊರಡುತ್ತಾರೆ. ವಾರ್ಡಿನಲ್ಲಿ ಹೊಸಬರೇ ಹೊಸಬರಿಗೆ ಕಲಿಸಬೇಕಾಗುತ್ತದೆ. ಒಮಾನಿಗೋ, ಬೇರೆಯವರ ಖರ್ಚಿನಲ್ಲಿ ಓದಿ ತಯಾರಾದ ನರ್ಸ್ ಸಿಗುತ್ತಾಳೆ. ಆ ದೇಶ ತನ್ನ ಮಕ್ಕಳಿಗೂ ನರ್ಸಿಂಗ್ ಕಲಿಸಿ ಅವರಿಗೆ ಕೆಲಸ ಕೊಡುತ್ತಿದೆ, ಅದು ನ್ಯಾಯವೇ. ಆದರೆ ನಮ್ಮ ಕೆಲಸದ ಒಪ್ಪಂದ ಮುಗಿದು, ಅದು ಮುಂದುವರಿಯದೆ ಬೇರೆ ಕೆಲಸವೂ ಸಿಗದಿದ್ದರೆ, ಅಲ್ಲಿ ಎಷ್ಟು ವರ್ಷ ದುಡಿದಿದ್ದರೂ, ಊರಿನ ದಾರಿ ಹಿಡಿಯಲೇಬೇಕು.

ಈ ಪ್ರಶ್ನೆ ಕೇಳುವವರು ಮಲ್ಪೆಯ ಬಂದರಿಗೂ ಒಮ್ಮೆ ಹೋಗಿಬರಬೇಕು. ಅಲ್ಲಿಯ ಬೋಟುಗಳಲ್ಲಿ ಬಲೆ ಎಳೆಯುವವರಲ್ಲಿ ಒಡಿಶಾ, ಜಾರ್ಖಂಡಿನ ಹುಡುಗರಿದ್ದಾರೆ. ನಮ್ಮ ಊರಿನವರು ಬಿಟ್ಟುಹೋದ ಕೆಲಸಕ್ಕೆ ಅವರು ಬಂದಿದ್ದಾರೆ, ಅವರ ಊರಿನ ಹೊಲದಲ್ಲಿ ವಯಸ್ಸಾದ ತಂದೆ ತಾಯಿ ಉಳಿದಿದ್ದಾರೆ. ಅವರನ್ನು ಯಾರೂ "ನಿಮ್ಮ ರಾಜ್ಯಕ್ಕೇನು ಲಾಭ?" ಎಂದು ಕೇಳುವುದಿಲ್ಲ.

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: "ಹೋಗುವುದಕ್ಕೆ ಯಾರಿಗೆ ಎಷ್ಟು ಕೊಟ್ಟೆ?" 1983ರ ವಲಸೆ ಕಾಯ್ದೆಯಡಿಯ ನಿಯಮಗಳ ಪ್ರಕಾರ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಮಾತ್ರ. ನನ್ನಿಂದ ಲಕ್ಷಗಳಲ್ಲಿ ವಸೂಲಿ ಮಾಡಿದರು, ರಸೀದಿ ಕೊಡಲಿಲ್ಲ. ಮೊದಲ ವರ್ಷದ ದುಡಿಮೆಯ ಬಹುಪಾಲು ಆ ಹಣಕ್ಕಾಗಿ ಮಾಡಿದ ಸಾಲದ ಬಡ್ಡಿಗೆ ಮತ್ತು ಅಸಲಿಗೆ ಹೋಯಿತು. ಆ ವರ್ಷ ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದೆವು. ವಲಸೆಯ ಲಾಭ ನಷ್ಟ ನಿರ್ಧಾರವಾಗುವುದು ಈ ಜಾಗದಲ್ಲಿ, ವಿಮಾನ ಹತ್ತುವ ಮೊದಲೇ. ಇಂಥ ಸುಲಿಗೆಯನ್ನು ತಡೆಯಲೆಂದೇ 2015ರಿಂದ ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೋಗುವ ನರ್ಸುಗಳಿಗೂ ಸರ್ಕಾರದ ವಲಸೆ ಅನುಮತಿಯನ್ನು ಕಡ್ಡಾಯ ಮಾಡಲಾಯಿತು. ಆದರೂ ಎಷ್ಟೋ ಮನೆಗಳಲ್ಲಿ ಇಂದಿಗೂ ಮೊದಲು ವಿಚಾರಿಸುವುದು ಪರಿಚಯದ ಏಜೆಂಟನನ್ನೇ.

ಹಾಗಾಗಿ ನಿಮ್ಮ ಮನೆಯ ಹುಡುಗಿ ಹೊರಟಿದ್ದರೆ, ದೇಶದ ಲಾಭದ ಬಗ್ಗೆ ಅವಳಿಗೆ ಉಪನ್ಯಾಸ ಕೊಡುವ ಮೊದಲು ಸರ್ಕಾರದ ವಲಸೆ ಜಾಲತಾಣವಾದ ಇ-ಮೈಗ್ರೇಟ್‌ನಲ್ಲಿ ಆ ಏಜೆಂಟನ ಹೆಸರಿದೆಯೇ ನೋಡಿ, ಒಪ್ಪಂದದ ಪ್ರತಿಯನ್ನು ಅವಳ ಪಕ್ಕ ಕುಳಿತು ಓದಿ, ರಸೀದಿ ಕೊಡದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.