ಆಫೀಸಿನ ಶರ್ಟು: ಕೊಳ್ಳುವ ಮುನ್ನ ಕಾಲರ್ ಮುಟ್ಟಿ ನೋಡಿ

ಶರ್ಟು ಮೊದಲು ಹಳತಾಗುವುದು ಕಾಲರಿನಲ್ಲಿ. ಮೈಭಾಗದ ಬಟ್ಟೆ ಗಟ್ಟಿಮುಟ್ಟಾಗಿರುವಾಗಲೇ ಕಾಲರಿನ ಮಡಿಕೆ ಸವೆದು ನೂಲು ಇಣುಕುತ್ತದೆ, ಇಲ್ಲವೇ ಮೇಲೆ ಗುಳ್ಳೆ ಏಳುತ್ತದೆ. ಹಾಗಾಗಿ ಅಂಗಡಿಯಲ್ಲಿ ಬಣ್ಣ, ಬ್ರ್ಯಾಂಡು ಎಲ್ಲ ಆಮೇಲೆ.

ಕಾಲರಿನ ಎರಡು ಪದರಗಳ ನಡುವೆ ಕ್ಯಾನ್ವಾಸ್, ಅಂದರೆ ಅದನ್ನು ನೆಟ್ಟಗೆ ನಿಲ್ಲಿಸುವ ಗಡುಸು ಬಟ್ಟೆ, ಇರುತ್ತದೆ. ಸಿದ್ಧ ಉಡುಪುಗಳಲ್ಲಿ ಹೆಚ್ಚಾಗಿ ಅದನ್ನು ಬಿಸಿ ಒತ್ತಿ ಅಂಟಿಸಿರುತ್ತಾರೆ. ಅಂಟಿಸಿದ್ದು ಎಂದರೆ ಕಳಪೆ ಎಂದು ಕೆಲವರು ಹೇಳುವುದುಂಟು, ಅದು ಸರಿಯಲ್ಲ. ಸರಿಯಾಗಿ ಅಂಟಿಸಿದ ಕಾಲರ್ ನೆಟ್ಟಗೆ ನಿಲ್ಲುತ್ತದೆ, ಇಸ್ತ್ರಿಯೂ ಸುಲಭ. ಕೆಡುವುದು ಯಾವಾಗ ಎಂದರೆ, ಅಂಟಿಸುವಾಗ ಶಾಖ ಅಥವಾ ಒತ್ತಡ ಸಾಲದಿದ್ದಾಗ, ಇಲ್ಲವೇ ಒಗೆದ ಮೇಲೆ ಬಟ್ಟೆ ಒಂದಷ್ಟು, ಕ್ಯಾನ್ವಾಸ್ ಇನ್ನೊಂದಷ್ಟು ಕುಗ್ಗಿದಾಗ. ಆಗ ಬರುವ ಗುಳ್ಳೆಯನ್ನು ಇಸ್ತ್ರಿ ಒತ್ತಿ ಕೂರಿಸಿದರೂ ಮುಂದಿನ ಒಗೆತಕ್ಕೆ ಮತ್ತೆ ಏಳುತ್ತದೆ. ಪರೀಕ್ಷೆ ಸುಲಭ: ಕಾಲರಿನ ಮೂಲೆಯನ್ನು ಬಗ್ಗಿಸಿ ಬಿಡಿ. ತಾನಾಗಿ ಹಿಂದಿರುಗಬೇಕು. ರಟ್ಟಿನಂತೆ ಗಡಸಾಗಿದ್ದು ಬಗ್ಗಿಸಿದ ಗೆರೆ ಹಾಗೇ ಉಳಿದರೆ ಬೇಡ. ಕಾಲರಿನ ಕೆಳಬದಿಯಲ್ಲಿ, ಮೂಲೆ ಸುರುಳದಂತೆ ಹಿಡಿಯುವ ಕಡ್ಡಿಯನ್ನು ತೂರಿಸಿ ತೆಗೆಯುವ ಸೀಳು ಇದ್ದರೆ ಒಳ್ಳೆಯದು. ಒಳಗೇ ಹೊಲಿದುಬಿಟ್ಟ ಪ್ಲಾಸ್ಟಿಕ್ ಕಡ್ಡಿಯ ಅಚ್ಚು ಇಸ್ತ್ರಿ ಮಾಡುತ್ತಾ ಮಾಡುತ್ತಾ ಬಟ್ಟೆಯ ಮೇಲೆ ಹೊಳಪಾಗಿ ಮೂಡುತ್ತದೆ.

ಇನ್ನು ಬಟ್ಟೆ. ಲೇಬಲ್ಲಿನ ಮೇಲೆ 80, 100, 120 ಎಂದು ಕಾಣುವುದು ನೂಲಿನ ನಯ. ಒಂದು ಪೌಂಡ್ ಹತ್ತಿಯಿಂದ 840 ಗಜ ಉದ್ದದ ಎಷ್ಟು ಲಡಿ ನೂಲು ಬಂತು ಎಂಬ ಲೆಕ್ಕ ಅದು. ಸಂಖ್ಯೆ ಏರಿದಷ್ಟೂ ನೂಲು ತೆಳು. ಅಂಗಡಿಯವರು ಹೇಳದೆ ಬಿಡುವುದು ಇನ್ನೊಂದು ವಿಷಯ: ಎರಡು ಎಳೆ ಹುರಿ ಮಾಡಿದ ನೂಲೋ, ಒಂಟಿ ಎಳೆಯೋ? ಒಂಟಿ ಎಳೆಯ 100ಕ್ಕಿಂತ ಎರಡೆಳೆಯ 80 ಹೆಚ್ಚು ಬಾಳಿಕೆ ಬರುತ್ತದೆ. ದಿನನಿತ್ಯಕ್ಕೆ ಎರಡೆಳೆಯ 80ರಿಂದ 100 ಸಾಕು. 140 ದಾಟಿದ ಬಟ್ಟೆ ಮುಟ್ಟಲು ರೇಷ್ಮೆ, ಆದರೆ ಬೇಗ ಸುಕ್ಕಾಗುತ್ತದೆ, ಬೇಗ ಸವೆಯುತ್ತದೆ.

ಪಾಪ್ಲಿನ್ ನುಣುಪು, ತೆಳು, ಸೆಕೆಗೆ ಹಿತ. ಬಿಳಿ ಪಾಪ್ಲಿನ್ ಆದರೆ ಒಳಗೆ ಕೈಯಿಟ್ಟು ನೋಡಿ, ಬೆರಳುಗಳ ಅಂಚು ಕಂಡರೆ ಬನಿಯನ್ನೂ ಕಾಣುತ್ತದೆ. ಓರೆಗೆರೆಯ ಟ್ವಿಲ್ ತುಸು ದಪ್ಪ, ಸುಕ್ಕು ಕಡಿಮೆ. ಆಕ್ಸ್‌ಫರ್ಡ್ ಎಂಬ ದಪ್ಪ ನೇಯ್ಗೆಯ ಬಟ್ಟೆ ಟೈ ಕಟ್ಟುವ ಕಚೇರಿಗೆ ಅಷ್ಟಾಗಿ ಒಪ್ಪುವುದಿಲ್ಲ. ಇಸ್ತ್ರಿಯೇ ಬೇಡ ಎನ್ನುವ ಹತ್ತಿ ಶರ್ಟಿಗೆ ರಾಳದ ಲೇಪ ಕೊಟ್ಟಿರುತ್ತಾರೆ. ಸುಕ್ಕು ಬೀಳದಿರುವುದು ನಿಜ, ಆದರೆ ನೂಲಿನ ಬಲ ಕುಂದುತ್ತದೆ, ಬೆವರು ಹೀರುವುದೂ ಕಡಿಮೆ. ಕ್ಲೋರಿನ್ ಬ್ಲೀಚ್ ತಗುಲಿದರೆ ಹಳದಿಯಾಗುವ ಸಂಭವವೂ ಇದೆ. ಪ್ರಯಾಣಕ್ಕೆ ಒಂದೆರಡು ಇರಲಿ, ಬೀರು ತುಂಬ ಅದೇ ಬೇಡ.

ಹೊಲಿಗೆಯನ್ನು ಎಣಿಸಲು ನಾಚಿಕೊಳ್ಳಬೇಡಿ. ಒಂದು ಇಂಚಿನಲ್ಲಿ 18ರ ಆಸುಪಾಸು ಇದ್ದರೆ ಅಚ್ಚುಕಟ್ಟು ಕೆಲಸ. 10–12 ಇದ್ದರೆ ಆತುರದ್ದು. ಪಕ್ಕದ ಹೊಲಿಗೆಯನ್ನು ಹೊರಗಿನಿಂದ ನೋಡಿ. ಒಂದೇ ಸಾಲು ಕಂಡರೆ ಮಡಚಿ ಎರಡು ಸಲ ಹೊಲಿದದ್ದು, ಸಮಯ ಹಿಡಿಯುವ ಕೆಲಸ. ಜೋಡಿ ಸೂಜಿಯಲ್ಲಿ ಒಟ್ಟಿಗೇ ಹೊಡೆದ ಎರಡು ಸಾಲು ಒಗೆದ ಮೇಲೆ ಮುದುಡಿಕೊಳ್ಳುವುದು ಹೆಚ್ಚು. ಪಟ್ಟೆ ಶರ್ಟಿನಲ್ಲಿ ಜೇಬಿನ ಗೆರೆ ಮೈಯ ಗೆರೆಗೆ ಕೂಡಿರಬೇಕು. ಕಾಜಾದ ಸುತ್ತ ನೂಲು ಜೋಲುತ್ತಿದ್ದರೆ ಬಿಡಿ. ಗುಂಡಿ ಚಿಪ್ಪಿನದೋ ಪ್ಲಾಸ್ಟಿಕ್ಕಿನದೋ ಎಂದು ತಲೆಕೆಡಿಸಿಕೊಳ್ಳಬೇಕಿಲ್ಲ, ಗುಂಡಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು.

ಅಳತೆ ನೋಡುವಾಗ ಕತ್ತು ಮತ್ತು ಹೆಗಲು ಸರಿಯಿರಲೇಬೇಕು. ಸೊಂಟ, ತೋಳಿನುದ್ದವನ್ನು ದರ್ಜಿ ಸರಿಮಾಡಬಲ್ಲ, ಹೆಗಲನ್ನು ಬಿಚ್ಚಿ ಹೊಲಿಯುವುದು ದಂಡ. ಮೇಲಿನ ಗುಂಡಿ ಹಾಕಿದ ಮೇಲೆ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹೊಸ ಹತ್ತಿ ಶೇ. 2–3 ಕುಗ್ಗಬಹುದು, ಅಂದರೆ 40 ಸೆಂ.ಮೀ. ಕಾಲರಿನಲ್ಲಿ ಸುಮಾರು 1 ಸೆಂ.ಮೀ. ಹೋಯಿತು. ಹೆಗಲಿನ ಹೊಲಿಗೆ ಹೆಗಲ ಮೂಳೆಯ ತುದಿಗೆ ಬರಲಿ. ಕೈ ಇಳಿಬಿಟ್ಟಾಗ ಕಫ್ ಹೆಬ್ಬೆರಳಿನ ಬುಡ ಮುಟ್ಟಬೇಕು, ಮೊಣಕೈ ಮಡಚಿದಾಗಲೂ ಮಣಿಕಟ್ಟು ಬಿಟ್ಟು ಹೆಚ್ಚು ಮೇಲೇರಬಾರದು.

ಆಮೇಲೆ ಎರಡೂ ಕೈ ಎತ್ತಿ. ಶರ್ಟು ಪ್ಯಾಂಟಿನಿಂದ ಪೂರ್ತಿ ಹೊರಬಂದರೆ ಉದ್ದ ಸಾಲದು, ಇಲ್ಲವೇ ಕಂಕುಳ ಸುತ್ತು ತೀರ ಕೆಳಗಿದೆ. ಇದಕ್ಕೆ ಒಂದು ಸೈಜ್ ದೊಡ್ಡದು ಕೊಳ್ಳುವವರು ಬಹಳ. ಹಾಗೆ ಮಾಡಿದರೆ ಕಂಕುಳ ಸುತ್ತು ಇನ್ನೂ ಕೆಳಗಿಳಿದು ತೊಂದರೆ ಹೆಚ್ಚುತ್ತದೆ. ಕುರ್ಚಿಯಲ್ಲಿ ಕೂತು ಹೊಟ್ಟೆಯ ಮೇಲಿನ ಗುಂಡಿಗಳ ನಡುವೆ ಬಾಯಿ ಬಿಡುತ್ತದೆಯೇ ಎಂದೂ ನೋಡಿ, ನಿಂತಾಗ ಇದು ಗೊತ್ತಾಗುವುದಿಲ್ಲ.

ಬಣ್ಣಕ್ಕೆ ಬಂದರೆ ಬಿಳಿ, ತಿಳಿನೀಲಿ ಯಾವ ಪ್ಯಾಂಟಿಗೂ ಸೈ. ಬೆವರುವವರು ಬೂದುಬಣ್ಣವನ್ನು ಮಾತ್ರ ದೂರವಿಡಿ, ಕಂಕುಳಿನ ತೇವ ಅದರಲ್ಲಿ ಎದ್ದು ಕಾಣುತ್ತದೆ.